ತೆಂಗಿನ ಮರಕ್ಕೆ ಮೂರು ವರ್ಷದ ಪ್ರಾಜೆಕ್ಟ್ ಸಾಲದು

ಅಕ್ಕನ ಮಗ ಎಂ.ಎಸ್ಸಿ. ಮುಗಿಸಿದ್ದಾನೆ. ಸಂಶೋಧನೆ ಮಾಡುವವರಿಗೆ ತಿಂಗಳು ತಿಂಗಳು ಕೊಡುವ ಜೆ.ಆರ್.ಎಫ್. ಫೆಲೋಶಿಪ್ ಕೂಡ ಸಿಕ್ಕಿದೆ. ಈಗ ಪಿಎಚ್.ಡಿ.ಗೆ ಎಲ್ಲಿ ಸೇರುವುದು ಅನ್ನುವುದೇ ಅವನ ಚಿಂತೆ. ಮೊನ್ನೆ ಭಾನುವಾರ ಕಾಸರಗೋಡಿನ ನೀರ್ಚಾಲಿಗೆ ನಮ್ಮ ಮನೆಗೆ ಬಂದಿದ್ದ. ಅಂಗಳದಲ್ಲಿ ಅಡಿಕೆ ಹರಗುತ್ತಿದ್ದ ಅಪ್ಪನ ಜೊತೆ ನಾಲ್ಕು ಮಾತಾಡಿದವನು ಸೀದಾ ಒಳಗೆ ಬಂದು ಫೋನನ್ನು ನನ್ನ ಕೈಗೆ ಕೊಟ್ಟ. ಅದರಲ್ಲಿ ಅವನೇ ಮಾಡಿಕೊಂಡ ಒಂದು ಪಟ್ಟಿ ಇತ್ತು. ಯಾವ ಯೂನಿವರ್ಸಿಟಿಗೆ ಯಾವ ರ‍್ಯಾಂಕ್, ಯಾರಿಗೆ ಎಷ್ಟು ಕೋಟಿ ರಿಸರ್ಚ್ ಫಂಡ್ ಅಂತ ಸಾಲಾಗಿ ಬರೆದಿದ್ದ.

"ಚಿಕ್ಕಮ್ಮ, ಇದ್ರಲ್ಲಿ ಜಾಸ್ತಿ ದುಡ್ಡು ಇರುವಲ್ಲಿಗೆ ಸೇರಿದ್ರೆ ಸಾಕಲ್ವಾ?"

ಹೌದು ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಇದೇ ಲೆಕ್ಕ ಹಾಕಿ ನಾನೂ ಒಂದು ಕಾಲಕ್ಕೆ ಸೇರಿದವಳು. ಅಡಿಕೆಯ ಎಲೆಚುಕ್ಕೆ ರೋಗದ ಶಿಲೀಂಧ್ರದ ಮೇಲೆ ಆರು ವರ್ಷ ಕೆಲಸ ಮಾಡಿದವಳು. ಆ ಪಟ್ಟಿಯಲ್ಲಿರುವ ಒಂದೊಂದು ಅಂಕಿಯ ಹಿಂದೆ ಏನಿದೆ, ಏನಿಲ್ಲ ಅಂತ ಹೇಳದೆ ಅವನನ್ನು ಕಳಿಸಲು ಮನಸ್ಸು ಬರಲಿಲ್ಲ. ಸಂಜೆವರೆಗೂ ಕೂತು ಮಾತಾಡಿದೆವು. ಅವತ್ತು ಹೇಳಿದ್ದನ್ನೂ, ಹೇಳಲು ಮರೆತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಗಡಿನಾಡಿನ ನಮ್ಮ ಎಷ್ಟೋ ಮಕ್ಕಳು ಈಗ ಇದೇ ಪ್ರಶ್ನೆ ಹಿಡಿದುಕೊಂಡು ಮಂಗಳೂರು, ಪೆರಿಯ, ಬೆಂಗಳೂರು, ಹೈದರಾಬಾದ್ ಅಂತ ನೋಡುತ್ತಿದ್ದಾರೆ.

ಮೊದಲು ಆ ಕೋಟಿಗಳು ಎಲ್ಲಿಂದ ಬರುತ್ತವೆ ಅಂತ ನೋಡೋಣ. ನಮ್ಮ ದೇಶದಲ್ಲಿ ಯೂನಿವರ್ಸಿಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಎಲ್ಲರೂ ಹಿಡಿಯುವುದು ಕೇಂದ್ರ ಶಿಕ್ಷಣ ಸಚಿವಾಲಯ ರ‍್ಯಾಂಕ್ ಕೊಡುವ ಎನ್‌ಐಆರ್‌ಎಫ್ ಪಟ್ಟಿಯನ್ನು. 2016ರಿಂದ ಪ್ರತಿ ವರ್ಷ ಬರುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಯೂನಿವರ್ಸಿಟಿಗಳ ಸಾಲಿನಲ್ಲಿ ಮೊದಲಿನಿಂದಲೂ ಮೇಲೆಯೇ ಇದೆ. ಈ ಪಟ್ಟಿಗೆ ಸೇರುವ ಪ್ರತಿ ಸಂಸ್ಥೆಯೂ ತಾನು ಕೊಟ್ಟ ಮಾಹಿತಿಯನ್ನು ಒಂದು ಪಿಡಿಎಫ್ ಮಾಡಿ ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಅದನ್ನು ತೆರೆದು ಕೆಳಗೆ ಹೋದರೆ 'ಸ್ಪಾನ್ಸರ್ಡ್ ರಿಸರ್ಚ್' ಅಂತ ಒಂದು ಪುಟ್ಟ ಕೋಷ್ಟಕ ಸಿಗುತ್ತದೆ. ಮೂರು ವರ್ಷಗಳ ಲೆಕ್ಕ. ಎಷ್ಟು ಪ್ರಾಜೆಕ್ಟ್, ಎಷ್ಟು ಕಡೆಯಿಂದ ಹಣ, ಒಟ್ಟು ಎಷ್ಟು ರೂಪಾಯಿ. ಅದರ ಕೆಳಗೆ ಅದೇ ಮೊತ್ತ ಅಕ್ಷರದಲ್ಲಿ, ಬ್ಯಾಂಕ್ ಚಲನ್ನಿನಲ್ಲಿ ಬರೆಯುತ್ತೇವಲ್ವಾ, ಹಾಗೆ. ನಾನು ಮತ್ತು ಅವನು ಆ ಸಂಜೆ ಹನ್ನೆರಡು ಪಿಡಿಎಫ್ ತೆರೆದು ನೋಡಿದೆವು. ಒಂದರಲ್ಲಿ ಅಂಕಿ ಎಷ್ಟು ಉದ್ದ ಅಂದರೆ ಕೋಟಿ ಲೆಕ್ಕ ಹಾಕಲು ಸೊನ್ನೆಗಳನ್ನು ಬೆರಳಿಟ್ಟು ಎಣಿಸಬೇಕಾಯಿತು. ಇನ್ನೊಂದರಲ್ಲಿ, ಸಾವಿರಾರು ಮಕ್ಕಳು ಓದುವ ದೊಡ್ಡ ಸಂಸ್ಥೆಯದ್ದು, ಇಡೀ ವರ್ಷದ ಮೊತ್ತ ಊರಲ್ಲೊಂದು ಒಳ್ಳೆಯ ಮನೆ ಕಟ್ಟುವಷ್ಟೂ ಇರಲಿಲ್ಲ.

ಆದರೆ ಆ ಕೋಷ್ಟಕವನ್ನು ಸರಿಯಾಗಿ ಓದಬೇಕು. ಅದು ಹೇಳುವುದು ಹೊರಗಿನಿಂದ ಬಂದ ಪ್ರಾಜೆಕ್ಟ್ ಹಣವನ್ನು. ಯೂನಿವರ್ಸಿಟಿ ತನ್ನ ಕೈಯಿಂದ ಸಂಶೋಧನೆಗೆ ಎಷ್ಟು ಹಾಕಿತು ಅನ್ನುವುದನ್ನಲ್ಲ. ಬಂದ ಹಣದಲ್ಲಿ ಎಷ್ಟು ಯಂತ್ರಕ್ಕೆ ಹೋಯಿತು, ಎಷ್ಟು ಸಂಬಳಕ್ಕೆ ಹೋಯಿತು ಅಂತಲೂ ಅದರಲ್ಲಿ ಇಲ್ಲ. ಹತ್ತು ಮಂದಿ ಪ್ರೊಫೆಸರುಗಳಲ್ಲಿ ಒಬ್ಬರಿಗೇ ದೊಡ್ಡ ಪ್ರಾಜೆಕ್ಟ್ ಬಂದಿದ್ದರೆ ಮೊತ್ತ ದೊಡ್ಡದಾಗಿ ಕಾಣುತ್ತದೆ, ಉಳಿದ ಒಂಬತ್ತು ಮಂದಿಯ ಲ್ಯಾಬಿನಲ್ಲಿ ಏನೂ ಇಲ್ಲದಿರಬಹುದು.

ಅಮೆರಿಕದಲ್ಲಿ ಇದಕ್ಕೇ ಒಂದು ಸಮೀಕ್ಷೆ ಇದೆ. ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್ ಪ್ರತಿ ವರ್ಷ ಒಂದೊಂದು ಯೂನಿವರ್ಸಿಟಿ ಸಂಶೋಧನೆಗೆ ಎಷ್ಟು ಖರ್ಚು ಮಾಡಿತು ಅಂತ ಕೇಳಿ ಪ್ರಕಟಿಸುತ್ತದೆ. ಗಮನಿಸಿ, ಬಂದದ್ದನ್ನಲ್ಲ, ಖರ್ಚಾದದ್ದನ್ನು. 2023ರ ಲೆಕ್ಕದಲ್ಲಿ ಅಲ್ಲಿನ ಎಲ್ಲಾ ಯೂನಿವರ್ಸಿಟಿಗಳು ಸೇರಿ 10,800 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿವೆ. ಜಾನ್ಸ್ ಹಾಪ್‌ಕಿನ್ಸ್ ಯೂನಿವರ್ಸಿಟಿ ಒಂದೇ ಸುಮಾರು 380 ಕೋಟಿ ಡಾಲರ್. ದಶಕಗಳಿಂದ ಮೊದಲ ಸ್ಥಾನ ಅದರದ್ದೇ.

ನಮ್ಮ ಲೆಕ್ಕ ಹೀಗಿದೆ. 2020-21ರಲ್ಲಿ ಇಡೀ ಭಾರತ, ಸರ್ಕಾರ, ಕಂಪನಿ, ಯೂನಿವರ್ಸಿಟಿ ಎಲ್ಲಾ ಸೇರಿ, ಸಂಶೋಧನೆಗೆ ಖರ್ಚು ಮಾಡಿದ್ದು ಸುಮಾರು 1,27,381 ಕೋಟಿ ರೂಪಾಯಿ. ದೇಶದ ಒಟ್ಟು ಉತ್ಪನ್ನದ 0.64 ಶೇಕಡಾ. ಇದರಲ್ಲಿ ಉನ್ನತ ಶಿಕ್ಷಣದ ಪಾಲು 8.8 ಶೇಕಡಾ, ಅಂದರೆ ಸುಮಾರು 11,200 ಕೋಟಿ. ಐಐಟಿಗಳು, ಕೇಂದ್ರೀಯ ವಿಶ್ವವಿದ್ಯಾಲಯಗಳು, ರಾಜ್ಯದ ವಿಶ್ವವಿದ್ಯಾಲಯಗಳು ಎಲ್ಲವೂ ಇದರೊಳಗೇ. ಅದೇ ಹೊತ್ತಿನಲ್ಲಿ ಜಾನ್ಸ್ ಹಾಪ್‌ಕಿನ್ಸ್ ಖರ್ಚು ಮಾಡಿದ್ದು ಆಗಿನ ಡಾಲರ್ ದರದಲ್ಲಿ 22,000 ಕೋಟಿ ರೂಪಾಯಿಗೂ ಜಾಸ್ತಿ. ನಮ್ಮ ದೇಶದ ಎಲ್ಲಾ ಯೂನಿವರ್ಸಿಟಿಗಳನ್ನು ಒಟ್ಟು ಹಾಕಿದರೂ ಅವರ ಒಂದರ ಸುಮಾರು ಅರ್ಧದಷ್ಟೇ ಆಗುತ್ತದೆ.

ಅಕ್ಕನ ಮಗ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಾದ. ಅವನಿಗೆ ಪೂರ್ತಿ ಚಿತ್ರ ಸಿಗಲಿ ಅಂತ ಇನ್ನೊಂದು ಮಾತೂ ಹೇಳಿದೆ. ಜಾನ್ಸ್ ಹಾಪ್‌ಕಿನ್ಸ್‌ನ ಆ ಮೊತ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಅವರ ಅಪ್ಲೈಡ್ ಫಿಸಿಕ್ಸ್ ಲ್ಯಾಬೊರೇಟರಿಯದ್ದು. ರಕ್ಷಣೆ, ಬಾಹ್ಯಾಕಾಶ ಅಂತ ಸರ್ಕಾರಕ್ಕೇ ಕೆಲಸ ಮಾಡುವ ಲ್ಯಾಬ್ ಅದು. ನಮ್ಮಲ್ಲಾದರೆ ಡಿ.ಆರ್.ಡಿ.ಒ., ಇಸ್ರೋ ಲೆಕ್ಕಕ್ಕೆ ಹೋಗುವಂಥದ್ದು ಅಲ್ಲಿ ಯೂನಿವರ್ಸಿಟಿ ಲೆಕ್ಕಕ್ಕೆ ಬರುತ್ತದೆ.

ಇಲ್ಲೇ ಮುಖ್ಯ ವಿಷಯ ಇರುವುದು. ನಮ್ಮ ದೇಶ ಸಂಶೋಧನೆಗೆ ಹಣ ಕಡಿಮೆ ಇಟ್ಟಿದೆ ಅನ್ನುವುದು ಒಂದು ಮಾತು. ಇಟ್ಟ ಹಣವನ್ನೂ ಯೂನಿವರ್ಸಿಟಿಯ ಹೊರಗೆ ಇಟ್ಟಿದೆ ಅನ್ನುವುದು ಇನ್ನೊಂದು. ವಿಜ್ಞಾನ ಮತ್ತು ಕೈಗಾರಿಕೆಯ ಸಂಶೋಧನೆಗೆ ಅಂತ ಇರುವ ಸಿ.ಎಸ್.ಐ.ಆರ್. ಶುರುವಾದದ್ದು 1942ರಲ್ಲಿ. ಆಮೇಲೆ ಅಣುಶಕ್ತಿ, ರಕ್ಷಣೆ, ಬಾಹ್ಯಾಕಾಶ, ಕೃಷಿ ಅಂತ ಒಂದೊಂದಕ್ಕೂ ಬೇರೆ ಬೇರೆ ಸಂಸ್ಥೆಗಳು ಬೆಳೆದವು. ಯೂನಿವರ್ಸಿಟಿಗೆ ಪಾಠ, ಪರೀಕ್ಷೆ, ಪದವಿ ಉಳಿಯಿತು. ಒಟ್ಟು ಖರ್ಚಿನಲ್ಲಿ ಕೇಂದ್ರ ಸರ್ಕಾರದ ಪಾಲು 43.7 ಶೇಕಡಾ ಇದ್ದರೂ ಅದರಲ್ಲಿ ಹೆಚ್ಚಿನದು ಈ ಸಂಸ್ಥೆಗಳಿಗೇ. ರಾಜ್ಯ ಸರ್ಕಾರಗಳೆಲ್ಲಾ ಸೇರಿ ಹಾಕುವುದು 6.7 ಶೇಕಡಾ. ಆದರೆ ನಮ್ಮ ದೇಶದ ಕಾಲೇಜು ಮಕ್ಕಳಲ್ಲಿ 80 ಶೇಕಡಾಕ್ಕೂ ಜಾಸ್ತಿ ಓದುವುದು ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮತ್ತು ಅವುಗಳಿಗೆ ಸೇರಿದ ಕಾಲೇಜುಗಳಲ್ಲಿ.

ಇದನ್ನು ನೋಡಲು ನಮಗೆ ದಿಲ್ಲಿಗೆ ಹೋಗಬೇಕಾಗಿಲ್ಲ. ಕುಂಬಳೆಯಲ್ಲಿ ಕಾಞಂಗಾಡಿನ ಬಸ್ಸು ಹತ್ತಿ ಕೂತರೆ ಸಾಕು. ಕಾಸರಗೋಡು ಪೇಟೆ ಬರುವ ಮೊದಲೇ ಕೂಡ್ಲಿನಲ್ಲಿ ಸಿ.ಪಿ.ಸಿ.ಆರ್.ಐ., ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಗುತ್ತದೆ. ಪೇಟೆ ದಾಟಿದ ಮೇಲೆ ವಿದ್ಯಾನಗರದಲ್ಲಿ ಸರ್ಕಾರಿ ಕಾಲೇಜು. ಇನ್ನೂ ಮುಂದೆ ಹೋದರೆ ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ. ಒಂದೇ ರಸ್ತೆ, ಒಂದೇ ಬಸ್ಸು, ಮೂರು ಬೇರೆ ಬೇರೆ ಹಣದ ದಾರಿ. ಮೊದಲನೆಯದ್ದು ಕೇಂದ್ರದ ಕೃಷಿ ಸಂಶೋಧನಾ ಮಂಡಳಿಯದ್ದು, ಅಲ್ಲಿ ಪದವಿ ಕೊಡುವುದಿಲ್ಲ, ಸಂಶೋಧನೆಯೇ ಕೆಲಸ. ಎರಡನೆಯದ್ದು 1957ರಲ್ಲಿ ಶುರುವಾದ ಕಾಲೇಜು, ಪಾಠವೇ ಅದರ ದೊಡ್ಡ ಹೊರೆ. ಮೂರನೆಯದ್ದು 2009ರ ಕಾಯ್ದೆಯಿಂದ ಹುಟ್ಟಿದ್ದು, ಪಾಠ ಮತ್ತು ಸಂಶೋಧನೆ ಎರಡನ್ನೂ ಮಾಡಬೇಕಾದದ್ದು.

ಸಿ.ಪಿ.ಸಿ.ಆರ್.ಐ. ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದ್ರೆ ನಮ್ಮ ಊರಿನವರಿಗೆ ಅದು ಪಕ್ಕದ ಮನೆ ಇದ್ದ ಹಾಗೆ. 1916ರಲ್ಲಿ, ಕಾಸರಗೋಡು ಇನ್ನೂ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ, ತೆಂಗಿನ ಸಂಶೋಧನೆಗೆ ಅಂತ ಇಲ್ಲಿ ಕೇಂದ್ರ ತೆರೆದರು. ಅದೇ ವರ್ಷ ನೀಲೇಶ್ವರ, ಪಿಲಿಕೋಡಿನಲ್ಲೂ. ನೀಲೇಶ್ವರದಲ್ಲಿ 1932ರಲ್ಲಿ ಜೆ.ಎಸ್. ಪಟೇಲ್ ಎತ್ತರದ ತೆಂಗು ಮತ್ತು ಗಿಡ್ಡ ತೆಂಗನ್ನು ಕೂಡಿಸಿ ಮಾಡಿದ ತಳಿ, ತೆಂಗಿನಲ್ಲಿ ಹೈಬ್ರಿಡ್ ಮಾಡಿದರೆ ಇಳುವರಿ ಜಾಸ್ತಿ ಬರುತ್ತದೆ ಅಂತ ಜಗತ್ತಿಗೇ ಮೊದಲು ತೋರಿಸಿತು. ಆರಂಭ ಮಾಡಿದ್ದಕ್ಕೂ ಈ ಫಲಕ್ಕೂ ನಡುವೆ 16 ವರ್ಷ. ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಶುರುವಾದದ್ದು 1956ರಲ್ಲಿ, ನಾವು ಕೇರಳಕ್ಕೆ ಸೇರಿದ ವರ್ಷವೇ. ಅಲ್ಲಿಂದ 'ಮಂಗಳಾ' ತಳಿ ಹೊರಗೆ ಬಂದದ್ದು 1972ರಲ್ಲಿ. ಅದಕ್ಕೂ 16 ವರ್ಷ. ನಮ್ಮ ತೋಟದ ಕೆಳಗಿನ ಸಾಲಿನಲ್ಲಿ ಅಜ್ಜ ಇಟ್ಟ ಮಂಗಳಾ ಮರಗಳಲ್ಲಿ ಕೆಲವು ಈಗಲೂ ಇವೆ. ಅಪ್ಪ ಅವುಗಳನ್ನು ತೋರಿಸಿ, ಗಿಡ ಇಟ್ಟು ಬೇಗ ಸಿಂಗಾರ ಬಿಟ್ಟದ್ದನ್ನು ನೋಡಲು ಆಚೆ ಗುಡ್ಡೆಯವರೂ ಬಂದಿದ್ದರು ಅಂತ ಹೇಳುತ್ತಾರೆ.

ಈಗಿನ ಪ್ರಾಜೆಕ್ಟುಗಳು ಸಾಮಾನ್ಯವಾಗಿ ಮೂರು ವರ್ಷದ್ದು. ಮೂರು ವರ್ಷದಲ್ಲಿ ಒಂದು ತೆಂಗಿನ ಸಸಿ ಸರಿಯಾಗಿ ಬುಡ ಊರಿರುತ್ತದೆ, ಅಷ್ಟೇ. 1916ರಲ್ಲಿ ಮೂರು ವರ್ಷಕ್ಕೆ ಹಣ ಕೊಟ್ಟು ನಿಲ್ಲಿಸಿದ್ದರೆ ಏನು ಸಿಗುತ್ತಿತ್ತು? ಸುಬ್ರಹ್ಮಣ್ಯದ ಹತ್ತಿರ ಕಿದುವಿನಲ್ಲಿ ಅದೇ ಸಂಸ್ಥೆಯ ತೆಂಗಿನ ಜೀನ್ ಬ್ಯಾಂಕ್ ಇದೆ, ಬೇರೆ ಬೇರೆ ದೇಶಗಳ ತಳಿಗಳು ಅಲ್ಲಿವೆ. ಭತ್ತದ ಬೀಜವನ್ನು ಒಣಗಿಸಿ ತಣ್ಣಗೆ ಇಟ್ಟ ಹಾಗೆ ತೆಂಗಿನಕಾಯಿಯನ್ನು ಇಡಲಾಗುವುದಿಲ್ಲ. ಮರವನ್ನೇ ಸಾಕಬೇಕು. ಬ್ಯಾಂಕ್ ಅಂದರೆ ಅಲ್ಲಿ ತೋಟವೇ. ನೀರು ಬಿಡಬೇಕು, ಗೊಬ್ಬರ ಹಾಕಬೇಕು, ಹುಲ್ಲು ಹೆರೆಯಬೇಕು, ಕುರುವಾಯಿ ಹುಳ ಬಂದರೆ ನೋಡಬೇಕು. ಒಂದು ವರ್ಷ ಹಣ ಇಲ್ಲ ಅಂತ ಬಿಟ್ಟರೆ ಮರುವರ್ಷದ ಹಣದಿಂದ ಅದನ್ನು ಸರಿಪಡಿಸಲು ಆಗುವುದಿಲ್ಲ. ನಿತ್ಯದ ಖರ್ಚು ಅಂತ ನಾನು ಹೇಳುವುದು ಇದನ್ನೇ. ಯೂನಿವರ್ಸಿಟಿಗಳಿಗೆ ಇಲ್ಲದಿರುವುದು ಇದೇ.

ಇದು ನನಗೆ ಗೊತ್ತಾದದ್ದು ಒಂದು ಫ್ರೀಜರಿನಿಂದ.

ನಾನು ಕೆಲಸ ಮಾಡಿದ ಯೂನಿವರ್ಸಿಟಿಯ ಹೆಸರು ಬೇಡ. ಒಳ್ಳೆಯ ಗೈಡ್, ಒಳ್ಳೆಯ ಜೊತೆಗಾರರು. ಲ್ಯಾಬಿನ ಹೊರಗೆ ಕಾರಿಡಾರಿನಲ್ಲಿ ಮೈನಸ್ 80 ಡಿಗ್ರಿಯ ಒಂದು ಫ್ರೀಜರ್ ಇತ್ತು, ಹಳೆಯ ಒಂದು ಪ್ರಾಜೆಕ್ಟಿನಲ್ಲಿ ತೆಗೆದದ್ದು. ಅದರಲ್ಲಿ ನನ್ನ ಮೂರು ಮಳೆಗಾಲದ ಕೆಲಸ. ಪಡ್ರೆ, ಬಾಯಾರು, ಅಡ್ಯನಡ್ಕ, ನೀರ್ಚಾಲು ಅಂತ ತೋಟ ತೋಟ ಸುತ್ತಿ, ಸೋಗೆಯಿಂದ ಚುಕ್ಕೆ ಬಿದ್ದ ಎಲೆ ಕತ್ತರಿಸಿ ತಂದು, ಅದರಿಂದ ಬೇರ್ಪಡಿಸಿದ ಶಿಲೀಂಧ್ರಗಳು. ಒಂದು ಡಬ್ಬಿಯಲ್ಲಿ ಒಂಬತ್ತು ಸಾಲಿಗೆ ಒಂಬತ್ತರಂತೆ 81 ಟ್ಯೂಬ್. ಒಂದೊಂದರ ಮುಚ್ಚಳದ ಮೇಲೂ ಮಾರ್ಕರಿನಲ್ಲಿ ಊರಿನ ಮೊದಲ ಅಕ್ಷರ ಮತ್ತು ನಂಬರ್. ಅಂಥ ನಾಲ್ಕು ಡಬ್ಬಿ.

ಜೂನ್ ತಿಂಗಳ ಒಂದು ಶನಿವಾರ ರಾತ್ರಿ ಗಾಳಿ ಮಳೆಗೆ ಕರೆಂಟ್ ಹೋಗಿ ಬಂದು, ಹೋಗಿ ಬಂದು ಆಯಿತು. ಕಂಪ್ರೆಸರ್ ಕೆಟ್ಟಿತು. ಭಾನುವಾರ ಯಾರೂ ಇಲ್ಲ. ಸೋಮವಾರ ಬೆಳಿಗ್ಗೆ ನಾನು ಹೋದಾಗ ಫ್ರೀಜರಿನ ಕೆಳಗಿಂದ ನೀರು ಕಾರಿಡಾರಿನ ಅರ್ಧದವರೆಗೆ ಹರಿದಿತ್ತು. ಬಾಗಿಲು ತೆರೆದರೆ ಒಳಗೆ ಬೆಚ್ಚಗೆ. ಡಬ್ಬಿಗಳ ರಟ್ಟು ಮೆತ್ತಗಾಗಿತ್ತು. ಟ್ಯೂಬುಗಳ ಮೇಲಿನ ಶಾಯಿ ಹರಡಿ 'ಪ' ಯಾವುದು, 'ಬ' ಯಾವುದು ಅಂತ ಗೊತ್ತಾಗದ ಹಾಗಾಗಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತೆ. ಕೆಲವನ್ನು ಮತ್ತೆ ಬೆಳೆಸಲು ಆಯಿತು. ಮೊದಲ ಮಳೆಗಾಲದ್ದು ಹೆಚ್ಚುಕಡಿಮೆ ಎಲ್ಲವೂ ಹೋಯಿತು. ಆ ಮಾದರಿಗಳು ಮತ್ತೆ ಸಿಗುವುದಿಲ್ಲ, ಯಾಕಂದ್ರೆ ಆ ವರ್ಷದ ರೋಗ ಆ ವರ್ಷದ್ದು.

ಅದಕ್ಕೆ ಎ.ಎಂ.ಸಿ. ಇರಲಿಲ್ಲ. ವರ್ಷ ವರ್ಷ ಬಂದು ನೋಡಿ ಹೋಗುವ ಒಪ್ಪಂದ ಮಾಡಿಕೊಳ್ಳಲು ಹಣ ಇರಲಿಲ್ಲ. ಫ್ರೀಜರ್ ತೆಗೆದ ಪ್ರಾಜೆಕ್ಟ್ ಮುಗಿದು ಎರಡು ವರ್ಷ ಆಗಿತ್ತು. ಹೊಸ ಪ್ರಾಜೆಕ್ಟಿನ ಹಣದಿಂದ ಹಳೆಯ ಯಂತ್ರಕ್ಕೆ ಖರ್ಚು ಮಾಡುವ ಹಾಗಿಲ್ಲ. ವಿಭಾಗದ ಬಜೆಟಿನಲ್ಲಿ ಅದಕ್ಕೆ ಹೆಡ್, ಅಂದರೆ ಆ ಖರ್ಚನ್ನು ಬರೆಯುವ ಶೀರ್ಷಿಕೆ ಇಲ್ಲ. ಗೈಡ್ ಲೆಕ್ಕ ವಿಭಾಗಕ್ಕೆ ಮೂರು ಸಲ ಹೋದರು. ಪ್ರತಿ ಸಲವೂ "ಯಾವ ಹೆಡ್ಡಿನಲ್ಲಿ ಹಾಕುವುದು ಮೇಡಂ?" ಅನ್ನುವ ಅದೇ ಪ್ರಶ್ನೆ. ಕೇಳಿದ ಗುಮಾಸ್ತರದ್ದು ತಪ್ಪಿಲ್ಲ, ಅವರಿಗೆ ನಿಜವಾಗಿಯೂ ಹೆಡ್ ಇರಲಿಲ್ಲ. ಕೊನೆಗೆ ಗೈಡ್ ತಮ್ಮ ಸಂಬಳದಿಂದ ಕಂಪ್ರೆಸರ್ ಹಾಕಿಸಿದರು. ಆ ವರ್ಷದ ಪಿಡಿಎಫಿನಲ್ಲಿ ನಮ್ಮ ಯೂನಿವರ್ಸಿಟಿಯ ರಿಸರ್ಚ್ ಫಂಡ್ ಹಿಂದಿನ ವರ್ಷಕ್ಕಿಂತ ಜಾಸ್ತಿಯೇ ಇತ್ತು.

ಓವರ್‌ಹೆಡ್ ಅನ್ನುವ ಮಾತು ಬರುವುದು ಇಲ್ಲಿ. ಪ್ರಾಜೆಕ್ಟ್ ಹಣದ ಜೊತೆಗೆ ಕರೆಂಟು, ನೀರು, ಕಟ್ಟಡ, ಆಫೀಸು, ರಿಪೇರಿ ಇವಕ್ಕೆಲ್ಲಾ ಅಂತ ಸಂಸ್ಥೆಗೆ ಕೊಡುವ ಪಾಲು ಅದು. ಅಮೆರಿಕದ ದೊಡ್ಡ ಯೂನಿವರ್ಸಿಟಿಗಳಲ್ಲಿ ಈ ದರ ನೂರು ಡಾಲರ್ ಕೆಲಸಕ್ಕೆ 50 ಡಾಲರ್, ಕೆಲವು ಕಡೆ ಅದಕ್ಕೂ ಹೆಚ್ಚು. 2025ರ ಫೆಬ್ರವರಿಯಲ್ಲಿ ಅಲ್ಲಿನ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಇದನ್ನು 15ಕ್ಕೆ ಇಳಿಸುತ್ತೇವೆ ಅಂದಾಗ ಯೂನಿವರ್ಸಿಟಿಗಳು, ರಾಜ್ಯಗಳು ಕೋರ್ಟಿಗೆ ಹೋಗಿ ತಡೆ ತಂದವು. ಅಷ್ಟು ಗಲಾಟೆ ಯಾಕೆ ಆಯಿತು ಅಂತ ಆ ಫ್ರೀಜರಿನ ಮುಂದೆ ಕೂತವರಿಗೆ ಬೇಗ ಅರ್ಥವಾಗುತ್ತದೆ. ಅಲ್ಲದೆ ಅಲ್ಲಿ ಒಟ್ಟು ಖರ್ಚಿನ ಸುಮಾರು ಕಾಲು ಭಾಗ ಯೂನಿವರ್ಸಿಟಿಯ ಸ್ವಂತ ದುಡ್ಡು. ನಮ್ಮಲ್ಲಿ ಓವರ್‌ಹೆಡ್ ಸಿಗುವುದೇ ಸಣ್ಣ ಪಾಲು. ಸ್ವಂತ ದುಡ್ಡು ಅಂದರೆ ಮಕ್ಕಳ ಫೀಸು ಮತ್ತು ಸರ್ಕಾರದ ಅನುದಾನ, ಅದು ಸಂಬಳ ಪೆನ್ಶನ್ನಿಗೇ ಸಾಲುವುದಿಲ್ಲ.

ನಮ್ಮಲ್ಲಿ ಎಲ್ಲವೂ ಅಗ್ಗ, ರೂಪಾಯಿಗೆ ಇಲ್ಲಿ ಬೆಲೆ ಜಾಸ್ತಿ, ಆದ್ದರಿಂದ ಡಾಲರ್ ಲೆಕ್ಕ ಹೋಲಿಸಬಾರದು ಅನ್ನುವವರಿದ್ದಾರೆ. ಅರ್ಧ ನಿಜ. ಸಂಶೋಧನಾ ವಿದ್ಯಾರ್ಥಿಯ ಖರ್ಚು ಇಲ್ಲಿ ಕಡಿಮೆ. ಆದರೆ ಯಂತ್ರ, ರಾಸಾಯನಿಕ, ಎಂಜೈಮ್ ಇವುಗಳಲ್ಲಿ ಬಹಳಷ್ಟು ಹೊರದೇಶದ್ದು. ಅವರು ಕೊಡುವ ಬೆಲೆಯೇ ನಮಗೂ, ಸಾಗಣೆ ಮತ್ತು ತೆರಿಗೆ ಸೇರಿ ಕೆಲವೊಮ್ಮೆ ಅವರಿಗಿಂತ ಜಾಸ್ತಿ. ಸಂಶೋಧನಾ ಸಂಸ್ಥೆಗಳು ತೆಗೆದುಕೊಳ್ಳುವ ಉಪಕರಣಗಳಿಗೆ ಮೊದಲು 5 ಶೇಕಡಾ ಜಿಎಸ್‌ಟಿ ಇತ್ತು. 2022ರ ಜುಲೈ 18ರಿಂದ ಆ ರಿಯಾಯಿತಿ ತೆಗೆದರು, ಹೆಚ್ಚಿನ ಸಾಮಾನಿಗೆ 18 ಆಯಿತು. ಮೊದಲೇ ಮಂಜೂರಾದ ಪ್ರಾಜೆಕ್ಟಿನ ಹಣ ಜಾಸ್ತಿಯಾಗಲಿಲ್ಲ. 105 ರೂಪಾಯಿಗೆ ಸಿಗುತ್ತಿದ್ದದ್ದು 118 ಆದಾಗ ನಮ್ಮ ಲ್ಯಾಬಿನಲ್ಲಿ ಡಿ.ಎನ್.ಎ. ಪರೀಕ್ಷೆಗೆ ಬೇಕಾದ ಪ್ರೈಮರ್ ಆರ್ಡರನ್ನು ಕಡಿಮೆ ಮಾಡಿದೆವು, ಅಂದರೆ ಪರೀಕ್ಷೆ ಮಾಡುವ ತೋಟಗಳನ್ನೇ ಕಡಿಮೆ ಮಾಡಿದೆವು.

ಕೆಲವು ಒಳ್ಳೆಯದೂ ಆಗಿದೆ, ಅದನ್ನೂ ಹೇಳಬೇಕು. ಯೂನಿವರ್ಸಿಟಿಗೆ ಬರುವ ಸಂಶೋಧನಾ ಅನುದಾನಕ್ಕೇ ಜಿಎಸ್‌ಟಿ ಕೇಳಿ ನೋಟೀಸು ಬರುತ್ತಿದ್ದುದನ್ನು 2024ರಲ್ಲಿ ನಿಲ್ಲಿಸಿ ವಿನಾಯಿತಿ ಕೊಟ್ಟರು. 2025ರ ಜೂನಿನಲ್ಲಿ ಖರೀದಿ ನಿಯಮ ಸಡಿಲ ಮಾಡಿ, ಕೊಟೇಶನ್ ಇಲ್ಲದೆ ತೆಗೆದುಕೊಳ್ಳುವ ಮಿತಿಯನ್ನು 1 ಲಕ್ಷದಿಂದ 2 ಲಕ್ಷಕ್ಕೆ ಏರಿಸಿದರು. 2023ರ ಕಾಯ್ದೆಯಿಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿದೆ. ಐದು ವರ್ಷದಲ್ಲಿ 50,000 ಕೋಟಿ ಅಂತ ಹೇಳಿದ್ದಾರೆ, ಅದರಲ್ಲಿ ಸರ್ಕಾರದ್ದು 14,000 ಕೋಟಿ, ಉಳಿದದ್ದು ಕಂಪನಿ, ದಾನಿಗಳಿಂದ ಬರಬೇಕು. ದೊಡ್ಡ ಸಂಸ್ಥೆಯೊಂದನ್ನು ನಡುವೆ ಇಟ್ಟು ಸುತ್ತಲಿನ ಯೂನಿವರ್ಸಿಟಿಗಳನ್ನು ಅದಕ್ಕೆ ಜೋಡಿಸುವ ಯೋಜನೆಯನ್ನೂ ಅವರು ಶುರು ಮಾಡಿದ್ದಾರೆ. ಇದು ಸರಿಯಾದ ದಿಕ್ಕು ಅಂತ ನನಗೆ ಅನಿಸುತ್ತದೆ. ಆದರೆ ಅದೂ ಪ್ರಾಜೆಕ್ಟೇ, ಅದಕ್ಕೂ ಕೊನೆಯ ದಿನ ಇದೆ. ಆ ದಿನದ ಮರುದಿನ ಯಂತ್ರಗಳ ಎ.ಎಂ.ಸಿ. ಯಾರದ್ದು ಅನ್ನುವುದು ಈಗಲೇ ಬರೆದಿರಬೇಕು.

ಫೆಲೋಶಿಪ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಜೆ.ಆರ್.ಎಫ್. 2023ರ ಜನವರಿಯಿಂದ ತಿಂಗಳಿಗೆ 37,000, ಎರಡು ವರ್ಷದ ಮೇಲೆ 42,000. ನೆಟ್ ಪರೀಕ್ಷೆ ಪಾಸಾಗದೆ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುವವರಿಗೆ 8,000. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅಷ್ಟೇ. ಬದಿಯಡ್ಕದಲ್ಲಿ ಕಂಗಿನ ಮರ ಹತ್ತುವವರ ಒಂದು ವಾರದ ಕೂಲಿಯ ಹತ್ತಿರ ಬರುತ್ತದೆ ಇದು, ಮರ ಹತ್ತುವ ಕೆಲಸಕ್ಕೆ ಆ ಕೂಲಿ ನ್ಯಾಯವೇ, ನಾನು ಹೇಳುವುದು 8,000ದ ಬಗ್ಗೆ. ಅದೂ ತಿಂಗಳು ತಿಂಗಳು ಬರುವುದಿಲ್ಲ. ನನಗೆ ಒಂದು ಸಲ ಏಳು ತಿಂಗಳು ಫೆಲೋಶಿಪ್ ಬಂದಿರಲಿಲ್ಲ, ಯು.ಸಿ. ಹೋಗಿಲ್ಲ ಅಂತ. ಯು.ಸಿ. ಅಂದರೆ ಕೊಟ್ಟ ಹಣ ಸರಿಯಾಗಿ ಖರ್ಚಾಗಿದೆ ಅಂತ ಬರೆದು ಕೊಡುವ ಕಾಗದ. ಒಂದು ಸಹಿಗೆ ಏಳು ತಿಂಗಳು. ಆ ಏಳು ತಿಂಗಳು ಅಪ್ಪ ಅಡಿಕೆ ಮಾರಿ ಹಣ ಕಳಿಸಿದರು. ನನ್ನ ಪ್ರಬಂಧಕ್ಕೆ ಹಣ ಕೊಟ್ಟವರ ಪಟ್ಟಿಯಲ್ಲಿ ಅವರ ಹೆಸರನ್ನೂ ಬರೆದಿದ್ದೇನೆ.

ಕನ್ನಡ, ಇತಿಹಾಸ, ಜಾನಪದ ಓದುವವರಿಗೆ ಈ ಪಟ್ಟಿಗಳು ಇನ್ನೂ ಅನ್ಯಾಯ ಮಾಡುತ್ತವೆ. ಕೋಟಿಗಳ ಸಾಲಿನಲ್ಲಿ ಅವರು ಕಾಣುವುದೇ ಇಲ್ಲ. ಕುಂಬಳೆ ಸೀಮೆಯ ಯಕ್ಷಗಾನದ ತಾಳೆಗರಿ ಹುಡುಕಲು, ಒಂದೇ ಪಂಚಾಯತಿನಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಆಡುವ ನಮ್ಮಂಥ ಊರಿನ ಮಾತು ರೆಕಾರ್ಡ್ ಮಾಡಲು ಬೇಕಾದದ್ದು ಬಸ್ಸಿನ ದುಡ್ಡು, ಒಂದು ಒಳ್ಳೆಯ ರೆಕಾರ್ಡರ್, ಸ್ಕ್ಯಾನರ್, ಮತ್ತು ಸಮಯ. ಅಷ್ಟು ಸಣ್ಣ ಮೊತ್ತ ಕೇಳಿದರೆ ರ‍್ಯಾಂಕಿಗೆ ಏನೂ ಸೇರುವುದಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಯಾವ ಯೂನಿವರ್ಸಿಟಿಯಲ್ಲೂ ಇರಲಿಲ್ಲ. ತಮ್ಮ ಮನೆಯಲ್ಲೇ ಕೂತು, ತಮ್ಮ ದುಡ್ಡಿನಲ್ಲಿ ಪುಸ್ತಕ ತರಿಸಿ, ಜೀವಮಾನ ಪೂರ್ತಿ ಸಂಶೋಧನೆ ಮಾಡಿದರು. ಆ ಪುಸ್ತಕಗಳು ಈಗ ಉಡುಪಿಯಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರದಲ್ಲಿವೆ. ಅವರಿಗೆ ಆಸ್ತಿ ಇತ್ತು, ಆಯಿತು. ಕೂಲಿ ಮಾಡುವವರ ಮನೆಯ ಹುಡುಗಿ ಇವತ್ತು ಅದೇ ಕೆಲಸ ಮಾಡಲು ಹೊರಟರೆ ಪುಸ್ತಕ ಯಾರು ತರಿಸಿ ಕೊಡುತ್ತಾರೆ? ಯೂನಿವರ್ಸಿಟಿ ಇರುವುದು ಅದಕ್ಕೇ ಅಲ್ವಾ?

ಹತ್ತಿರದಲ್ಲಿ ಲ್ಯಾಬ್ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದು ನಮ್ಮ ಜಿಲ್ಲೆಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆಯ ಪಡ್ರೆ, ವಾಣಿನಗರದ ಕಡೆ ಮಕ್ಕಳಿಗೆ ಏನೋ ಆಗುತ್ತಿದೆ ಅಂತ ಅಮ್ಮಂದಿರಿಗೆ ಗೊತ್ತಿತ್ತು, ಅಲ್ಲಿನ ಡಾಕ್ಟರಿಗೆ ಗೊತ್ತಿತ್ತು. ಆದರೆ ನೀರಿನಲ್ಲಿ, ರಕ್ತದಲ್ಲಿ ಆ ವಿಷ ಎಷ್ಟಿದೆ ಅಂತ ಅಳೆದು ಕಾಗದದಲ್ಲಿ ಬರೆದು ಕೊಡುವವರು ಹತ್ತಿರ ಇರಲಿಲ್ಲ. 2001ರಲ್ಲಿ ದಿಲ್ಲಿಯ ಪರಿಸರ ಸಂಸ್ಥೆ ಸಿ.ಎಸ್.ಇ.ಯ ಲ್ಯಾಬ್ ಮಾದರಿ ಪರೀಕ್ಷೆ ಮಾಡಿತು. ಆಮೇಲೆ ಅಹಮದಾಬಾದಿನಿಂದ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ ಮಕ್ಕಳ ರಕ್ತ ಪರೀಕ್ಷೆ ಮಾಡಿ ವರದಿ ಕೊಟ್ಟರು. ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದನ್ನು ತಡೆದದ್ದು 2011ರ ಮೇ 13ರಂದು. ನಮ್ಮ ಮಣ್ಣಿನ, ನಮ್ಮ ಮಕ್ಕಳ ವಿಷಯಕ್ಕೆ ಅಹಮದಾಬಾದಿನಿಂದ ಜನ ಬರಬೇಕಾಯಿತು. ಇಪ್ಪತ್ತು ವರ್ಷ ಮೊದಲೇ ಇಲ್ಲೊಂದು ಸಣ್ಣ ಲ್ಯಾಬ್ ಇದ್ದು, ಪ್ರತಿ ವರ್ಷ ತೋಡಿನ ನೀರು ತೆಗೆದು ಅಳೆದು ಪುಸ್ತಕದಲ್ಲಿ ಬರೆದಿಡುವಷ್ಟು ನಿತ್ಯದ ಹಣ ಇದ್ದಿದ್ದರೆ ಅಂತ ನಾನು ಈಗಲೂ ಯೋಚನೆ ಮಾಡುತ್ತೇನೆ. ಅಂಥ ಲ್ಯಾಬ್ ಯಾವ ರ‍್ಯಾಂಕ್ ಪಟ್ಟಿಯಲ್ಲೂ ಮೇಲೆ ಬರುತ್ತಿರಲಿಲ್ಲ.

ಹಾಗಾಗಿ ಅಕ್ಕನ ಮಗನಿಗೆ ಹೇಳಿದ್ದು ಇಷ್ಟು. ಪಟ್ಟಿ ಬಿಡಬೇಡ, ನೋಡು. ಏನೂ ಹಣ ಇಲ್ಲದ ಕಡೆ ಸೇರಿ ಕಷ್ಟಪಡು ಅಂತ ನಾನು ಹೇಳುವುದಿಲ್ಲ. ಆದರೆ ಮೊತ್ತವನ್ನು ಅಲ್ಲಿನ ಅಧ್ಯಾಪಕರ ಸಂಖ್ಯೆಯಿಂದ ಭಾಗಿಸಿ ನೋಡು. ಮೂರು ವರ್ಷದ ಅಂಕಿಗಳಲ್ಲಿ ಒಂದು ವರ್ಷ ಏರಿ ಮರುವರ್ಷ ಬಿದ್ದಿದೆಯಾ, ನೋಡು. ಅದೇ ಪಿಡಿಎಫಿನಲ್ಲಿ ಲ್ಯಾಬಿನ ಹೊಸ ಉಪಕರಣಕ್ಕೆ ಎಷ್ಟು, ನಿರ್ವಹಣೆಗೆ ಎಷ್ಟು ಅಂತ ಬೇರೆ ಸಾಲುಗಳಿವೆ, ಅವೆರಡನ್ನೂ ಪಕ್ಕಪಕ್ಕ ಇಟ್ಟು ನೋಡು. ಆಮೇಲೆ ಅಲ್ಲಿ ಮೂರನೇ, ನಾಲ್ಕನೇ ವರ್ಷದಲ್ಲಿರುವ ಯಾರಿಗಾದರೂ ಫೋನ್ ಮಾಡು. ಫೆಲೋಶಿಪ್ ಯಾವ ತಾರೀಕಿಗೆ ಬರುತ್ತದೆ, ಯಂತ್ರ ಕೆಟ್ಟರೆ ಎಷ್ಟು ದಿನದಲ್ಲಿ ಸರಿಯಾಗುತ್ತದೆ, ರಾತ್ರಿ ಕರೆಂಟ್ ಹೋದರೆ ಜನರೇಟರ್ ತಾನಾಗಿ ಹತ್ತಿಕೊಳ್ಳುತ್ತದಾ, ಇಷ್ಟು ಕೇಳು.

ಅವನು ಅವತ್ತೇ ಜಗಲಿಯಲ್ಲಿ ಕೂತು ಮೂರು ಕಡೆಗೆ ಫೋನ್ ಮಾಡಿದ. ಪಟ್ಟಿಯಲ್ಲಿ ಮೊದಲಿದ್ದ ಕಡೆಯ ಸೀನಿಯರ್, ಯಂತ್ರಗಳೆಲ್ಲಾ ಇವೆ, ಆದರೆ ಬುಕ್ ಮಾಡಿ ಎರಡು ತಿಂಗಳು ಕಾಯಬೇಕು ಅಂದರಂತೆ. ಎರಡನೆಯವರು ಫೆಲೋಶಿಪ್ ನಾಲ್ಕು ತಿಂಗಳಿನಿಂದ ಬಂದಿಲ್ಲ ಅಂದರು. ಮೂರನೆಯದ್ದು ಪಟ್ಟಿಯಲ್ಲಿ ಕೆಳಗೆ ಇದ್ದದ್ದು. ಅಲ್ಲಿನ ಹುಡುಗಿ ಹೇಳಿದ್ದು, ನಮ್ಮಲ್ಲಿ ದೊಡ್ಡ ಯಂತ್ರ ಇಲ್ಲ, ಅದಕ್ಕೆ ಹೊರಗೆ ಕಳಿಸುತ್ತೇವೆ, ಆದರೆ ಇರುವುದೆಲ್ಲಾ ನಡೆಯುತ್ತದೆ, ವಿಭಾಗದಲ್ಲಿ ರಿಪೇರಿಗೆ ಅಂತ ಪ್ರತಿ ವರ್ಷ ಸ್ವಲ್ಪ ಹಣ ತೆಗೆದಿಡುತ್ತಾರೆ. ಫೋನ್ ಇಟ್ಟ ಮೇಲೆ ಅವನು ತನ್ನ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿದ. ಎಲ್ಲಿ ಸೇರುವುದು ಅಂತ ಇನ್ನೂ ತೀರ್ಮಾನ ಮಾಡಿಲ್ಲ. ಮೂರೂ ಕಡೆಯ ಇಂಟರ್‌ವ್ಯೂ ಮುಂದಿನ ತಿಂಗಳು.